ಕಾಡಿನ ಸಿಪ್ಪೆ, ಪೇಟೆಂಟ್ ಮತ್ತು ತರಬೇತಿ

ಪಶ್ಚಿಮ ಘಟ್ಟದ ಕಾಡಿನಲ್ಲಿ ಸಂಗ್ರಹಿಸಿದ ಉಪ್ಪಾಗೆ ಸಿಪ್ಪೆಯಿಂದ ಸತ್ವ ತೆಗೆಯುವ ಸಣ್ಣ ಘಟಕವೊಂದು ಹೊಸ ವಿಧಾನವನ್ನು ಕಂಡುಕೊಂಡಿದೆ ಎನ್ನೋಣ. ಅದನ್ನು ರಕ್ಷಿಸಿಕೊಳ್ಳಲು ಪೇಟೆಂಟ್ ಕಾಯಿದೆಯೊಂದನ್ನೇ ಅರಿತರೆ ಸಾಲದು. 2002ರ ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, ಭಾರತೀಯ ಉದ್ಯಮಿಯು ಪೇಟೆಂಟ್ ಮಂಜೂರಾಗುವ ಮುನ್ನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಅದನ್ನು ವಾಣಿಜ್ಯಕ್ಕೆ ಬಳಸುವಾಗ ಪ್ರಾಧಿಕಾರದ ಅನುಮತಿಯನ್ನೂ ಪಡೆಯತಕ್ಕದ್ದು. ಸಾಮಾನ್ಯ ಸರಕೆಂದು ವಿನಾಯಿತಿ ಪಡೆದ ವಸ್ತುವಿಗೂ ಪೇಟೆಂಟಿನ ವಿಷಯದಲ್ಲಿ ವಿನಾಯಿತಿಯಿಲ್ಲ. ನಮ್ಮ ವರ್ತಕರು ಎಡವುವುದು ಬಹುಶಃ ಇಲ್ಲಿಯೇ. ಕಾಯಿದೆ ಮೀರಿದರೆ ಜೈಲುವಾಸ ಈಗಿಲ್ಲವಾದರೂ ದಂಡವು 1 ಲಕ್ಷದಿಂದ 50 ಲಕ್ಷ ರೂಪಾಯಿಗಳವರೆಗೆ ಇದೆ.

ಹಳೆಯ ಜ್ಞಾನವನ್ನು ಹೊಸದೆಂದರೂ ಪೇಟೆಂಟ್ ನಿಲ್ಲದು. ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕ ನೀಡಿದ ಪೇಟೆಂಟ್, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಾಧಾರಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ರದ್ದಾಯಿತು.

ಸಸ್ಯ, ಪ್ರಯೋಗಾಲಯ, ಕಾನೂನು ಮೂರನ್ನೂ ಬಲ್ಲವರು ವಿರಳ. ಆದುದರಿಂದ ಘಟಕದ ರಸಾಯನ ತಜ್ಞರನ್ನೇ ತರಬೇತಿಗೆ ಕಳುಹಿಸುವುದು ಲೇಸು. ಪೇಟೆಂಟ್ ಏಜೆಂಟರ ಪರೀಕ್ಷೆಗೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಸಾಕು. ಕಾನೂನು ಪದವಿ ಬೇಕಿಲ್ಲ. ತರಬೇತಿಯಲ್ಲಿ ಮೊದಲು ಕಲಿಯಬೇಕಾದುದು, ಸಿಪ್ಪೆಯನ್ನು ಯಾವ ಕಾಡಿನಿಂದ, ಯಾರ ಮೂಲಕ, ಎಂದು ಕೊಂಡೆವೆಂಬ ದಾಖಲೆಯನ್ನು ಖರೀದಿಯ ದಿನವೇ ಬರೆದಿಡುವ ಕ್ರಮ.