ಕೃಷಿಹೊಂಡದ ಮೇಲಣ ರಕ್ಷಣಾಬಲೆಯನ್ನು ಬಿಗಿಯುವ ಕ್ರಮ

ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಸೀಮೆಯಲ್ಲಿ ಮಳೆಯ ನೀರನ್ನು ಹಿಡಿದಿಡುವ ಕೃಷಿಹೊಂಡದ ಉಪಯೋಗವನ್ನು ಒಕ್ಕಲಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆಯು ಮೊದಲಾದಂದಿನಿಂದ ಮಳೆಯನ್ನೇ ನಂಬಿದ ಊರುಗಳಲ್ಲಿ ಇವು ಬಳಕೆಗೆ ಬಂದಿರುವುವು. ಆದರೆ ಬೆಳೆಯನ್ನುಳಿಸುವ ಹೊಂಡವೇ ಮನೆಯ ಮಕ್ಕಳ ಪ್ರಾಣಕ್ಕೆ ಅಪಾಯವನ್ನು ತರಬಲ್ಲುದೆಂಬುದನ್ನು ಮರೆಯಲಾಗದು.

ಹೊಂಡದ ಆಳವು ಸಾಮಾನ್ಯವಾಗಿ ೩ ಮೀಟರು. ನೀರು ಇಂಗದಂತೆ ಹಾಸಿದ ಪಾಲಿಥೀನ್ ಹಾಳೆಯು ನೆನೆದು ಪಾಚಿ ಕಟ್ಟಿತೆಂದರೆ ಕಾಲೂರಲು ಎಡೆಯಿರದು. ಹಳೆಯ ಬಾವಿಯಲ್ಲಿ ಬಿದ್ದವನಿಗೆ ಮೆಟ್ಟಿಲೋ ಕಲ್ಲಿನ ಸಂದೋ ಕೈಗೆ ಸಿಕ್ಕೀತು. ಇಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ಈಜು ಬಲ್ಲವನೂ ದಡ ಹತ್ತಲಾರದೆ ಸೋಲುವನು. ಒಬ್ಬನನ್ನು ಎತ್ತಲು ಇಳಿದ ಮತ್ತೊಬ್ಬನೂ ಮುಳುಗುವುದು ಇದರಿಂದಲೇ.

ತಂತಿಬೇಲಿಯೇ ಮೊದಲ ರಕ್ಷಣೆ. ೨೦೨೩-೨೪ರಲ್ಲಿ ಯೋಜನೆಯು ಮರಳಿ ಜಾರಿಗೆ ಬಂದಾಗ ಬೇಲಿಯನ್ನೂ ಅದರಲ್ಲಿ ಸೇರಿಸಲಾಯಿತು. ಆದರೂ ಪಂಪು ಹೂಡಲು ಹೋದವರು ಬೇಲಿಯ ಬಾಗಿಲನ್ನು ತೆರೆದೇ ಬರುವುದುಂಟು. ಆದಕಾರಣ ಈಜುಕೊಳಗಳ ಮೇಲೆ ಹರಡುವಂತಹ ಬಲೆಯನ್ನು ಚಿಕ್ಕ ಹೊಂಡಗಳಿಗೂ ಕಟ್ಟುವುದು ಲೇಸು. ೧೦ ಮೀಟರು ಚೌಕದ ಹೊಂಡಕ್ಕೆ ಇದು ಸಾಧ್ಯ. ೨೧ ಮೀಟರಿನದಕ್ಕೆ ಕಷ್ಟ, ಅಲ್ಲಿ ಬೇಲಿಯನ್ನೇ ಭದ್ರಪಡಿಸತಕ್ಕದ್ದು. ಬಲೆಯ ಕಣ್ಣು ೧೦ ಸೆಂಟಿಮೀಟರನ್ನು ಮೀರಕೂಡದು. ಹಕ್ಕಿಗಳನ್ನು ತಡೆಯುವ ತೆಳುಬಲೆ ಈ ಕೆಲಸಕ್ಕೆ ಬಾರದು.

ಬಲೆಯ ಗುಣವೆಲ್ಲವೂ ಬಿಗಿತದಲ್ಲಿದೆ. ಸಡಿಲಾದ ಬಲೆಯು ಇಲ್ಲದುದಕ್ಕಿಂತ ಕೆಟ್ಟದ್ದು. ಬಿದ್ದ ಮಗುವು ಅದರೊಡನೆ ನೀರಿಗಿಳಿದು ಅಲ್ಲಿಯೇ ತೊಡಕಿಕೊಳ್ಳುವುದು. ಹಾಗೆಂದು ಮಿತಿಮೀರಿ ಎಳೆಯುವುದೂ ತರವಲ್ಲ. ೧೨ ಮೀಟರು ಉದ್ದದ ಒಂದೇ ಹಗ್ಗದ ನಡುವೆ ೪೦ ಕಿಲೋಗ್ರಾಮು ಭಾರವನ್ನು ತೂಗಿಸಿ, ಹಗ್ಗವು ೬೦ ಸೆಂಟಿಮೀಟರು ಜೋತುಬಿದ್ದರೆ ಒಂದೊಂದು ತುದಿಯ ಮೇಲೂ ಸುಮಾರು ೨೦೦ ಕಿಲೋಗ್ರಾಮಿನ ಸೆಳೆತ ಬೀಳುವುದು. ೩೦ ಸೆಂಟಿಮೀಟರೇ ಜೋತುಬಿದ್ದರೆ ಅದು ೪೦೦ಕ್ಕೇರುವುದು. ಅಡ್ಡಹಗ್ಗಗಳು ಹಲವಿದ್ದರೆ ಭಾರವು ಹಂಚಿಹೋಗುವುದು ನಿಜ, ಆದರೆ ಲೆಕ್ಕವನ್ನು ಒಂದೇ ಹಗ್ಗಕ್ಕೆ ಹಾಕಿ ನೋಡುವುದೇ ಕ್ಷೇಮ.

ಈ ಸೆಳೆತವನ್ನು ತಡೆಯಬೇಕಾದ ನಮ್ಮ ಎರೆಭೂಮಿಯದೇ ತೊಡಕು. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ಬದುವಿನ ಮೇಲೆ ಬಡಿದ ಗೂಟವು ಒಂದೇ ವರ್ಷದಲ್ಲಿ ಅಲುಗಾಡುವುದು. ಇದಕ್ಕೆ ಪರಿಹಾರವನ್ನು ದೂರದಿಂದ ತರಬೇಕಾದುದಿಲ್ಲ. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಚಪ್ಪರದ ಅಂಚಿನ ಕಂಬಗಳನ್ನು ಹೊರಕ್ಕೆ ವಾಲಿಸಿ ನಿಲ್ಲಿಸಿ, ನೆಲದಲ್ಲಿ ಹೂತ ಕಲ್ಲಿಗೆ ತಂತಿಯನ್ನು ಬಿಗಿಯುವರಷ್ಟೆ. ಅದೇ ಉಪಾಯ ಇಲ್ಲಿಯೂ ಸಲ್ಲುವುದು. ಪಾಲಿಥೀನ್ ಅಂಚನ್ನು ಹೂತ ಕಾಲುವೆಯಿಂದ ಹೊರಗೆ, ೪ ಅಡಿ ಆಳದ ಗುಂಡಿಯಲ್ಲಿ ಉದ್ದನೆಯ ಕಲ್ಲನ್ನು ಹಗ್ಗದ ಎಳೆತಕ್ಕೆ ಅಡ್ಡಲಾಗಿ ಮಲಗಿಸಿ, ಕಲಾಯಿ ತಂತಿಯನ್ನು ಅದಕ್ಕೆ ಸುತ್ತಿ ಮೇಲಕ್ಕೆ ತರತಕ್ಕದ್ದು. ಗುಂಡಿಯನ್ನು ಎರೆಮಣ್ಣಿನಿಂದ ತುಂಬದೆ ಗರಸಿನಿಂದ ತುಂಬಿ ದಮ್ಮಸು ಮಾಡಬೇಕು.

ಬಲೆಯ ಮಟ್ಟವು ಕೋಡಿಯ ಮಟ್ಟಕ್ಕಿಂತ ೮೦ ಸೆಂಟಿಮೀಟರಾದರೂ ಮೇಲಿರಲಿ. ಬದು ಅಷ್ಟೆತ್ತರವಿಲ್ಲದಿದ್ದರೆ ಗಿಡ್ಡ ಕಲ್ಲುಕಂಬಗಳ ಮೇಲೆ ಹಗ್ಗವನ್ನು ಹಾಯಿಸಿ, ಹಗ್ಗಕ್ಕೂ ಬದುವಿಗೂ ನಡುವಣ ಸಂದನ್ನು ಬಲೆಯಿಂದಲೇ ಮುಚ್ಚತಕ್ಕದ್ದು. ಇಲ್ಲವಾದರೆ ಮಕ್ಕಳು ನುಸುಳುವರು. ಹಗ್ಗವು ತಂತಿಯನ್ನು ಕೂಡುವೆಡೆಯಲ್ಲಿ ಟರ್ನ್‌ಬಕಲ್ ಎಂಬ ಸಾಧನವನ್ನು ಹಾಕಿದರೆ, ಅದರ ನಡುವಣ ಚೌಕಟ್ಟನ್ನು ತಿರುಗಿಸಿದಂತೆಲ್ಲ ಹಗ್ಗವು ಬಿಗಿಯಾಗುವುದು. ಒಂದು ಬದಿಯನ್ನು ಪೂರ್ತಿ ಬಿಗಿದು ಬಳಿಕ ಇನ್ನೊಂದಕ್ಕೆ ಹೋಗಬಾರದು. ಎದುರುಬದುರಾದ ತುದಿಗಳನ್ನು ಸ್ವಲ್ಪಸ್ವಲ್ಪವಾಗಿ ಎರಡು ಮೂರು ಸುತ್ತು ತಿರುಗಿಸಬೇಕು. ಚೌಕಟ್ಟು ತಾನೇ ಬಿಚ್ಚದಂತೆ ತಂತಿಯಿಂದ ಕಟ್ಟಿಡುವುದನ್ನು ಬಹಳ ಮಂದಿ ಮರೆಯುವರು.

ಕೊನೆಗೆ ೪೦ ಕಿಲೋಗ್ರಾಮು ಮರಳು ತುಂಬಿದ ಚೀಲವನ್ನು ಹಗ್ಗದಿಂದ ಬಲೆಯ ನಡುವಿಗೆ ಎಳೆದು ಒಂದು ರಾತ್ರಿ ಬಿಡಿರಿ. ಬೆಳಗಾಗುವಾಗ ಚೀಲದ ತಳವು ಕೋಡಿಯ ಮಟ್ಟಕ್ಕಿಂತ ಗೇಣುದ್ದ ಮೇಲಿರಬೇಕು, ಹೂತ ಕಲ್ಲಿನ ಮೇಲಣ ನೆಲ ಎದ್ದಿರಬಾರದು. ಪಂಪಿನ ಕೊಳವೆಯನ್ನು ಒಂದು ಮೂಲೆಯಿಂದಲೇ ಇಳಿಸಿ, ಆ ಮೂಲೆಯನ್ನು ಅಂದಂದೇ ಕಟ್ಟಿರಿ. ಗಂಟುಗಳುಳ್ಳ ದಪ್ಪ ಹಗ್ಗವೊಂದು ಒಳಬದಿಯಲ್ಲಿ ಸದಾ ಇಳಿಬಿದ್ದಿರಲಿ. ಬಿಸಿಲಿಗೆ ನೈಲಾನು ಕಸುವುಗೆಡುವುದರಿಂದ, ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿನ ಜೋಳ ಕೊಯ್ದು ನೆಲ ಬಿರಿದಾಗ ಇನ್ನೊಮ್ಮೆ, ಚೀಲವನ್ನಿಟ್ಟು ಪುನಃ ಪರೀಕ್ಷಿಸತಕ್ಕದ್ದು.