ಗುಂಪಿನ ಅಂಚಿನಲ್ಲಿ ಕೂತವರು

ಶಿಗ್ಗಾಂವ ತಾಲೂಕಿನ ಬಂಕಾಪುರ ಕೋಟೆ. ಒಳಗೆ ದನಗಳ ತಳಿ ಕೇಂದ್ರ, ಅದರ ಹುಲ್ಲುಗಾವಲೇ ನವಿಲುಧಾಮ. ಬಿಸಿಲೇರುವ ಮೊದಲು ಹೆಣ್ಣು ನವಿಲುಗಳ ಒಂದು ಗುಂಪು ಮೇಯುತ್ತಿದೆ. ನಾನು ಎಣಿಸಬಹುದಾದದ್ದು ಇಷ್ಟೇ: ಯಾವುದು ಎಷ್ಟು ಸಲ ಕತ್ತೆತ್ತಿತು, ಎಷ್ಟು ಹೊತ್ತು ತಲೆ ತಗ್ಗಿಸಿ ಕೆದರಿತು. ನಡುವಿನವು ನಿಶ್ಚಿಂತೆಯಿಂದ ಕಾಳು ಹೆಕ್ಕುತ್ತಿವೆ. ಮುಳ್ಳುಕಂಟಿಯ ಕಡೆ ಇರುವುದು ಮತ್ತೆ ಮತ್ತೆ ಕತ್ತೆತ್ತುತ್ತದೆ. ಅಂಚಿನ ಹಕ್ಕಿಗೆ ಎಚ್ಚರ ಹೆಚ್ಚು ಎಂಬುದು ಹಲವು ಜಾತಿಗಳಲ್ಲಿ ಕಂಡ ಸಂಗತಿ. ‘ಗುಂಪು ನೆಮ್ಮದಿಯಾಗಿದೆ’ ಎಂದು ಬರೆದುಕೊಂಡರೆ ಆ ಒಂದು ಹಕ್ಕಿಯ ಬೆಳಗು ನನ್ನ ಟಿಪ್ಪಣಿಯಿಂದ ಬಿಟ್ಟೇಹೋಗುತ್ತದೆ.

ಹಕ್ಕಿಯನ್ನು ಕೇಳಲಾಗದು, ಮನುಷ್ಯರನ್ನು ಕೇಳಬಹುದು. ಗುಂಪು ಚಿಕಿತ್ಸೆಯಲ್ಲಿ ಕೂತವರಿಗೆ ಅಲ್ಲಿನ ವಾತಾವರಣ ಹೇಗನ್ನಿಸಿತು ಎಂದು ಕೇಳುವುದಕ್ಕಾಗಿ ಮನೋವೈದ್ಯ ರಾಯ್ ಮ್ಯಾಕೆಂಜಿ 1983ರಲ್ಲಿ 12 ಮಾತುಗಳ ಚಿಕ್ಕ ಪ್ರಶ್ನಾವಳಿ ಪ್ರಕಟಿಸಿದರು. ಬೈಠಕ್ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದೊಂದು ಮಾತಿಗೆ 0ರಿಂದ 6ರವರೆಗೆ ಅಂಕ ಕೊಡಬೇಕು. ಅದು ಅಳೆಯುವುದು ಮೂರನ್ನು: ತೊಡಗುವಿಕೆ, ಜಾರಿಕೊಳ್ಳುವಿಕೆ, ಘರ್ಷಣೆ. ‘ನಿನಗೆ ಸಿಟ್ಟು ಬಂತೇ’ ಎಂದು ಅದು ಕೇಳುವುದಿಲ್ಲ, ಗುಂಪಿನವರ ನಡುವೆ ಏನು ನಡೆಯಿತು ಎಂದು ಕೇಳುತ್ತದೆ. ಇದು ನನಗೆ ಬಹಳ ಹಿಡಿಸಿದ ಗುಣ. ತನ್ನ ಸಿಟ್ಟನ್ನು ಬಾಯಿಬಿಟ್ಟು ಹೇಳದ ನಮ್ಮ ಕಡೆಯ ಗಂಡಸೂ ‘ಮಂದಿ ಒಬ್ಬರ ಮ್ಯಾಲೊಬ್ಬರು ಸಿಟ್ಟಿನ್ಯಾಗ ಇದ್ರು ರೀ’ ಎಂದಾನು.

ನಮ್ಮಲ್ಲಿ ಇಂಥ ಗುಂಪುಗಳು ಆಸ್ಪತ್ರೆಯಲ್ಲಷ್ಟೇ ಇಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ, ಆಮೇಲೆ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿ, ಇವೂ ಗುಂಪಿನ ಬಲದ ಮೇಲೆಯೇ ನಿಂತಿವೆ. ಅಲ್ಲಿ ಗೋಡೆಗೆ ಒರಗಿ, ಬಾಗಿಲ ಹತ್ತಿರ ಕೂತವನನ್ನು ನೋಡಬೇಕು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟುತ್ತಾನೆ. ದೂರದಿಂದ ನೋಡಿದವರಿಗೆ ಅವನು ಗುಂಪಿನೊಳಗಿದ್ದಾನೆ; ಅವನ ಹಾಳೆಯಲ್ಲಿ ತೊಡಗುವಿಕೆಗೆ 1 ಬಿದ್ದಿರಬಹುದು. ಉಳಿದವರ 5, 6ರ ಜೊತೆ ಕೂಡಿಸಿ ಸರಾಸರಿ ತೆಗೆದರೆ ಅವನು ಕಾಣೆಯಾಗುತ್ತಾನೆ. ಮತ್ತೆ ಬಾಟಲಿಯ ಕಡೆ ಹೊರಳುವ ಭಯವಿರುವುದು ಇಂಥವನಿಗೇ ಎಂಬ ಚಿಂತೆ ನನ್ನದು.

ಘರ್ಷಣೆಯ ಅಂಕ ಏರಿದರೆ ಗಾಬರಿ ಬೇಡ. ಆರಂಭದ ಒಗ್ಗಟ್ಟಿನ ನಂತರ ಭಿನ್ನಾಭಿಪ್ರಾಯ ತಲೆಯೆತ್ತಿ, ಅದನ್ನು ದಾಟಿದ ಗುಂಪು ಕೆಲಸಕ್ಕೆ ಇಳಿಯುತ್ತದೆ ಎಂಬುದು ಮ್ಯಾಕೆಂಜಿಯವರ ತಿಳಿವಳಿಕೆ.

ಒಂದು ಮಾತು ಮಾತ್ರ ಇಲ್ಲಿಗೆ ಹೊಂದದು. ದಾರಿ ತೋರಲು ಮುಖಂಡನ ಕಡೆ ನೋಡುವುದನ್ನು ಪ್ರಶ್ನಾವಳಿ ಜಾರಿಕೊಳ್ಳುವಿಕೆಯ ಲೆಕ್ಕಕ್ಕೆ ಸೇರಿಸುತ್ತದೆ. ‘ನೀವ ಹೇಳ್ರಿ ಸರ್’ ಎನ್ನುವುದು ನಮ್ಮಲ್ಲಿ ಎಷ್ಟೋ ಸಲ ಬರೀ ಮರ್ಯಾದೆ. ಆ ಅಂಕವನ್ನು ಬೇರೆಯಾಗಿಟ್ಟು ಓದಬೇಕು.

ಓದುಬರಹ ಬಾರದವರಿಗೆ ಯಾರಾದರೂ ಓದಿ ಹೇಳಿದರೆ ಉತ್ತರ ಬದಲಾಗುತ್ತದೆ. ಎದುರಿಗೆ ಕೂತ ಆಪ್ತಸಮಾಲೋಚಕರಿಗೆ ಯಾರು ಸೊನ್ನೆ ಕೊಟ್ಟಾರು? ಹೀಗೆ ಮಾಡಬಹುದು: ಹೊರಗಿನವರೊಬ್ಬರು ಮಾತು ಓದಲಿ. ಪ್ರತಿಯೊಬ್ಬರ ಕೈಗೆ ಆರು ಜೋಳದ ಕಾಳು, ಒಂದು ಬಟ್ಟೆಯ ಚೀಲ. ಅನಿಸಿದಷ್ಟು ಕಾಳು ಚೀಲದೊಳಗೆ, ಮಿಕ್ಕವು ಮುಷ್ಟಿಯಲ್ಲೇ. ಒಂದೊಂದು ಚೀಲವನ್ನೂ ಬೇರೆಬೇರೆಯಾಗಿ ಎಣಿಸಬೇಕು. ಎಲ್ಲವನ್ನೂ ಒಂದೇ ಮೊರಕ್ಕೆ ಸುರಿಯಬಾರದು.