ಬರಿದಾದ ತೋಟಾ ಮತ್ತೆ ತುಂಬುವುದೆಂತು?

ಎನ್.ಸಿ.ಸಿ. ಶಿಬಿರಕ್ಕೆ ಹೋಗಿಬಂದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ಗುರಿಯ ಅಭ್ಯಾಸ ಮುಗಿದೊಡನೆ ಹವಲ್ದಾರರು ಹುಲ್ಲಿನಲ್ಲಿ ಚೆದುರಿಬಿದ್ದ ಬರಿಯ ತೋಟಾಗಳನ್ನೆಲ್ಲ ಆಯಿಸಿ, ಎಣಿಸಿ, ಲೆಕ್ಕ ಸರಿಹೋದ ಮೇಲೆಯೇ ನಮ್ಮನ್ನು ಬಿಡುತ್ತಾರೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಒಂದು ತೋಟಾ ಕಡಮೆ ಬಿದ್ದು, ಕತ್ತಲಾಗುವವರೆಗೂ ಹುಡುಕಿದ್ದುಂಟು. ಸಿಡಿದುಹೋದುದರಿಂದ ಯಾರಿಗೇನು ಪ್ರಯೋಜನವೆಂದು ಅಂದು ಗೊಣಗಿದ್ದೆ. ಆ ಹಿತ್ತಾಳೆಯ ತುಂಡಿನ ಬೆಲೆ ನನಗೆ ತಿಳಿದದ್ದು ಲೋಹಗಳ ಸ್ಥಿತಿಸ್ಥಾಪಕತ್ವವನ್ನು ಪಾಠ ಹೇಳತೊಡಗಿದ ಮೇಲೆ.

ರೈಫಲ್ಲಿನ ತೋಟಾದಲ್ಲಿ ನಾಲ್ಕು ಭಾಗಗಳಿವೆ: ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವನ್ನೆಲ್ಲ ಹಿಡಿದಿಟ್ಟ ಹಿತ್ತಾಳೆಯ ಕೊಳವೆ. ಕುದುರೆಯನ್ನೆಳೆದಾಗ ಮೊದಲಿನ ಮೂರೂ ಮುಗಿಯುತ್ತವೆ, ಕೊಳವೆ ಉಳಿಯುತ್ತದೆ. ಅಮೆರಿಕದಲ್ಲಿ ಗುರಿಕಾರರೂ ಬೇಟೆಗಾರರೂ ಈ ಕೊಳವೆಯನ್ನು ಮನೆಯಲ್ಲಿಯೇ ಮರಳಿ ತುಂಬಿಕೊಳ್ಳುವುದು ಹಳೆಯ ಹವ್ಯಾಸ. ಅದಕ್ಕೆ ಭಾರವಾದ ಸನ್ನೆಯಂತ್ರವೇ ಬೇಕೆಂಬ ಭಾವನೆಯಿತ್ತು. ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ಎಂಬುವರು 1958ರಲ್ಲಿ ತಮ್ಮ ಮನೆಯ ಕಾರ್ಯಾಗಾರದಲ್ಲಿ ಅಂಗೈಯಲ್ಲಿ ಹಿಡಿಸುವ ಅಗ್ಗದ ಸಲಕರಣೆಯೊಂದನ್ನು ಮೊದಲು ಚರೆಕೋವಿಯ ತೋಟಾಗಳಿಗಾಗಿ ರೂಪಿಸಿದರು. ರೈಫಲ್ಲಿನ ತೋಟಾಗಳಿಗೂ ಅಂಥದು ಬಂದಿತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದುದರಿಂದ ವಾಚಕರು ಇದನ್ನು ತಿಳಿವಳಿಕೆಗಾಗಿ ಓದಬೇಕೇ ಹೊರತು ಕೈಪ್ರಯೋಗಕ್ಕಾಗಿ ಅಲ್ಲ.

ಸಲಕರಣೆಯೆಂದರೆ ಉಕ್ಕಿನ ಒಂದು ಅಚ್ಚು, ಒಂದೆರಡು ಸಲಾಕಿಗಳು, ಮದ್ದನ್ನು ಅಳೆಯುವ ಪುಟ್ಟ ಚಮಚ, ಇಷ್ಟೆ, ಜೊತೆಗೊಂದು ಕೊಡತಿ. ಕೊಳವೆಯ ಬಾಯಿಂದ ಸಲಾಕಿಯನ್ನಿಳಿಸಿ ತಟ್ಟಿದರೆ ಹಳೆಯ ಕೇಪು ಕೆಳಗೆ ಉದುರುತ್ತದೆ. ಇಲ್ಲೊಂದು ವಿನೋದವಿದೆ. ಇಂಗ್ಲೆಂಡಿನ ಬಾಕ್ಸರ್ ಎಂಬಾತನ ಪದ್ಧತಿಯಲ್ಲಿ ತಳದ ನಡುವೆ ಒಂದೇ ರಂಧ್ರವಿರುವುದರಿಂದ ಸಲಾಕಿ ನೇರವಾಗಿ ಕೇಪನ್ನು ಮುಟ್ಟುತ್ತದೆ. ಅಮೆರಿಕದ ಬರ್ಡನ್ ಕಲ್ಪಿಸಿದ ಬಗೆಯಲ್ಲಿ ನಡುವೆ ಲೋಹದ ಮೊಳೆಯೂ ಪಕ್ಕಗಳಲ್ಲಿ ಸಾಮಾನ್ಯವಾಗಿ ಎರಡು ಕಿರುರಂಧ್ರಗಳೂ ಇರುವುದರಿಂದ ಸಲಾಕಿ ತಡೆಯುತ್ತದೆ. ಕಾಲಕ್ರಮದಲ್ಲಿ ಇಂಗ್ಲಿಷಿನವನ ಪದ್ಧತಿ ಅಮೆರಿಕದಲ್ಲಿಯೂ ಅಮೆರಿಕದವನದು ಯೂರೋಪಿನಲ್ಲಿಯೂ ನೆಲೆಯೂರಿದವು! ನಮ್ಮ ಎನ್.ಸಿ.ಸಿ.ಯ .22 ತೋಟಾದಲ್ಲಂತೂ ಸಿಡಿಮದ್ದು ತಳದ ಅಂಚಿನೊಳಗೇ ಅಡಗಿದ್ದು, ಏಟು ಬಿದ್ದಾಗ ಆ ಅಂಚೇ ಜಜ್ಜಿಹೋಗುತ್ತದೆ. ಅದನ್ನು ಈ ಬಗೆಯಾಗಿ ಮರಳಿ ತುಂಬಲಾಗದು.

ಅನಂತರ ಕೊಳವೆಯನ್ನು ಅಚ್ಚಿನೊಳಗೆ ಬಡಿದು, ಹಿಗ್ಗಿದ ಕೊರಳನ್ನು ಕಿರಿದುಗೊಳಿಸಿ, ಹೊಸ ಕೇಪು, ಮದ್ದು, ಗುಂಡುಗಳನ್ನು ಕ್ರಮವಾಗಿ ಕೂರಿಸುತ್ತಾರೆ. ಕೇಪನ್ನು ತಟ್ಟಿ ಕೂರಿಸುವಾಗ ಅದು ಸಿಡಿದುಬಿಡುವುದೂ ಉಂಟು. ಕಣ್ಣಿಗೆ ರಕ್ಷೆಯಿಲ್ಲದೆ, ಅಥವಾ ಮದ್ದಿನ ಡಬ್ಬಿಯನ್ನು ಪಕ್ಕದಲ್ಲಿಯೇ ತೆರೆದಿಟ್ಟು, ಬಲ್ಲವರು ಯಾರೂ ಈ ಕೆಲಸಕ್ಕೆ ಕೈಹಾಕರು.

ನಿಜವಾದ ಅಪಾಯ ಮದ್ದಿನ ಅಳತೆಯಲ್ಲಿದೆ. 1884ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ. ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಹೀಗಾಗಿ ಮದ್ದು ಇಮ್ಮಡಿಯಾದರೆ ಒತ್ತಡ ಇಮ್ಮಡಿಗೇ ನಿಲ್ಲುವುದಿಲ್ಲ; ಕೋವಿಯೇ ಒಡೆದುಹೋದೀತು. ಪಿಸ್ತೂಲಿನ ಕೊಳವೆಯಲ್ಲಿ ಅರೆಪಾಲಿಗೂ ಕಡಮೆ ಮದ್ದು ಹಿಡಿಯುವ ಸಂದರ್ಭಗಳಿರುವುದರಿಂದ, ಮರೆತು ಎರಡು ಸಲ ಸುರಿದರೂ ತುಳುಕದು. ಅದಕ್ಕೇ ಕೊಳವೆಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಒಂದೊಂದರೊಳಗೂ ಇಣಿಕಿ ನೋಡುತ್ತಾರೆ. ತೂಕದ ಮಾನ ಗ್ರೇನ್: ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ತ್ರಾಸಿನಲ್ಲಿ ಅದರ ಹತ್ತನೆಯ ಒಂದು ಪಾಲನ್ನೂ ನೋಡುವುದು ವಾಡಿಕೆ.

ಇನ್ನು ಕೊಳವೆಯ ವಿಚಾರ. ಗುಂಡು ಹಾರುವಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಮೂರು ನಾಲ್ಕು ಸಾವಿರ ಪಟ್ಟು ಏರುತ್ತದೆ. ತೆಳುವಾದ ಹಿತ್ತಾಳೆ ಅದನ್ನು ತಾನೇ ತಡೆಯಲಾರದು. ಅದು ಉಬ್ಬಿ, ಸುತ್ತಲಿನ ಉಕ್ಕಿನ ಗೂಡಿಗೆ ಒತ್ತಿಕೊಂಡು, ಬಿಸಿಯನಿಲ ಹಿಂದಕ್ಕೆ ಸೋರದಂತೆ ಬಿರಡೆಯಾಗುತ್ತದೆ. ಹಾಗೆ ಬಿಗಿದುಕೊಂಡುದು ಮರುಕ್ಷಣವೇ ಸಡಿಲವಾಗಿ ಹೊರಬರುವುದು ಹೇಗೆ? ಉಕ್ಕೂ ತುಸು ಹಿಗ್ಗಿರುತ್ತದೆ. ಒತ್ತಡ ಇಳಿದೊಡನೆ ತನ್ನ ಮೊದಲಿನ ಅಳತೆಗೆ ಕುಗ್ಗುತ್ತದೆ. ಹಿತ್ತಾಳೆ ಅದಕ್ಕಿಂತಲೂ ಹೆಚ್ಚು ಕುಗ್ಗಿದರೆ ಮಾತ್ರ ನಡುವೆ ಎಡೆ ದೊರೆತೀತು. ಹಿತ್ತಾಳೆಯ ಯಂಗ್ ಗುಣಾಂಕ ಉಕ್ಕಿನದರ ಸುಮಾರು ಅರ್ಧ. ಎಂದರೆ ಒಂದೇ ಬಲಕ್ಕೆ ಇಮ್ಮಡಿ ಹಿಗ್ಗಿ, ಬಿಟ್ಟಾಗ ಇಮ್ಮಡಿ ಹಿಂದಿರುಗುತ್ತದೆ. ಗಡುಸಾದ ಹಿತ್ತಾಳೆಯ 12 ಮಿಲಿಮೀಟರ್ ವ್ಯಾಸದ ಕೊಳವೆ ಹೀಗೆ ಸುಮಾರು 0.04 ಮಿಲಿಮೀಟರಿನಷ್ಟು ಹಿಂದಿರುಗುತ್ತದೆ, ಬರೆಯುವ ಕಾಗದದ ಅರ್ಧ ದಪ್ಪ! ಇಷ್ಟರಲ್ಲಿಯೇ ಎಲ್ಲವೂ ಅಡಗಿದೆ. ಹಿತ್ತಾಳೆ ಮೆದುವಾಗಿದ್ದರೆ ಉಬ್ಬಿದುದು ಉಬ್ಬಿದಂತೆಯೇ ಉಳಿದು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರತಿಸಲ ಹಿಗ್ಗಿಸಿ ಕುಗ್ಗಿಸಿದಾಗಲೂ ಕೊರಳಿನ ಲೋಹ ಇನ್ನಷ್ಟು ಗಡುಸಾಗಿ, ಕಡೆಗೆ ಸೀಳುತ್ತದೆ. ಇದರ ಮದ್ದನ್ನು ನಮ್ಮ ಕಂಚುಗಾರರು ಯಾವಾಗಲೋ ಬಲ್ಲರು. ಹಿತ್ತಾಳೆಯ ತಗಡನ್ನು ಬಡಿದು ಕೊಡ ಮಾಡುವಾಗ ನಡುನಡುವೆ ಒಲೆಗಿಟ್ಟು ಕಾಸುತ್ತಾರಷ್ಟೆ. ಕಾವಿನಿಂದ ಲೋಹದ ಹರಳುಗಳು ಹೊಸದಾಗಿ ಜೋಡಣೆಗೊಂಡು ಮೆದುತನ ಮರಳುತ್ತದೆ. ತೋಟಾದಲ್ಲಿ ಕೊರಳನ್ನು ಮಾತ್ರ ಕಾಸಬೇಕು, ತಳ ಗಡುಸಾಗಿಯೇ ಉಳಿಯಬೇಕು. ಅದಕ್ಕಾಗಿ ಅರ್ಧ ಮುಳುಗುವಷ್ಟು ನೀರಿನಲ್ಲಿ ಕೊಳವೆಯನ್ನು ನಿಲ್ಲಿಸಿ ಮೇಲಿನಿಂದ ಜ್ವಾಲೆ ಹಿಡಿಯುತ್ತಾರೆ. ಆಮೇಲೆ ನೀರಿಗೆ ಕೆಡವಿದರೂ ಹಾನಿಯಿಲ್ಲ. ಕಾದ ಉಕ್ಕು ನೀರಿಗೆ ಬಿದ್ದು ಗಡುಸಾಗುವಂತೆ ಹಿತ್ತಾಳೆ ಆಗುವುದಿಲ್ಲ.

ಬಿರುಕಿನ ಇನ್ನೊಂದು ಕಥೆ ನಮ್ಮ ನೆಲದ್ದೇ. ಬ್ರಿಟಿಷ್ ಸೇನೆಯವರು ಭಾರತದಲ್ಲಿ ಮಳೆಗಾಲದ ಹೊತ್ತಿಗೆ ತೋಟಾಗಳನ್ನು ಕುದುರೆಲಾಯಗಳಲ್ಲಿ ಶೇಖರಿಸುತ್ತಿದ್ದರು. ಮಳೆ ಮುಗಿದು ತೆಗೆದಾಗ, ಒಮ್ಮೆಯೂ ಹಾರಿಸದ ತೋಟಾಗಳ ಕೊರಳು ಸೀಳಿರುತ್ತಿದ್ದವು. ಕಾರಣವನ್ನು ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ವಿವರಿಸಿದರು: ಕುದುರೆಯ ಮೂತ್ರದಿಂದ ಹುಟ್ಟಿದ ಅಮೋನಿಯವೂ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತವೂ ಸೇರಿ ಹಿತ್ತಾಳೆಯನ್ನು ಒಡೆಯುತ್ತಿದ್ದವು. ಒಂದಿಲ್ಲದೆ ಇನ್ನೊಂದು ಅಷ್ಟು ಕೇಡು ಮಾಡದು. ಮೆದುವಾಗದಷ್ಟು ಹಿತವಾಗಿ ಕಾಸಿ ಒಳಬಿಗಿತವನ್ನು ಕಳೆದರೆ ರೋಗ ತಪ್ಪುತ್ತದೆ. ಬರಿಯ ಕೊಳವೆಗಳನ್ನು ಅಮೋನಿಯ ಬೆರೆತ ದ್ರವದಿಂದ ಉಜ್ಜಿ ಬೆಳಗಬಾರದೆಂದು ಅನುಭವಿಗಳು ಎಚ್ಚರಿಸುವುದು ಇದರಿಂದಲೇ.

ಕೊರಳು ಸೀಳಿದರೆ ಕಣ್ಣಿಗೆ ಕಾಣುತ್ತದೆ. ತಳದ ಬಳಿ ಲೋಹ ಎಳೆದೆಳೆದು ತೆಳುವಾದುದು ಮಾತ್ರ ಸುಲಭವಾಗಿ ಕಾಣದು; ಹೊರಗೆ ಒಂದು ಹೊಳಪಿನ ಬಳೆ ಮೂಡಿದರೆ ಅದೇ ಗುರುತು. ಆಗ ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗಿಳಿಸಿ, ಗೋಡೆಯ ಮೇಲೆ ಮೆಲ್ಲನೆ ಎಳೆಯುತ್ತಾರೆ. ತಂತಿ ಒಂದು ಗೀರಿನಲ್ಲಿ ತಡೆದರೆ ಕೊಳವೆಯ ಆಯುಷ್ಯ ಮುಗಿಯಿತೆಂದೇ ಅರ್ಥ. ಅಂಥದನ್ನು ಇನ್ನಾರೂ ತಿಳಿಯದೆ ತುಂಬದಿರಲೆಂದು, ಇಕ್ಕಳದಿಂದ ಬಾಯನ್ನು ಜಜ್ಜಿ ಗುಜರಿಯ ಡಬ್ಬಕ್ಕೆ ಹಾಕುತ್ತಾರೆ.